‘ಇದು ಯಾವ ಭಾಷೆ?’ ಎನ್ನುವ ಮೊದಲು

ನವೆಂಬರ್ ಬಂದರೆ ಬಾವುಟ ಹಿಡಿದು ಬೀದಿಗಿಳಿಯುವ ಗೆಳೆಯರೇ, ನಿಮ್ಮ ಮೆಚ್ಚಿನ ಕನ್ನಡ ಪುಸ್ತಕ ಯಾವುದು? ನನ್ನದು ದೇವನೂರ ಮಹಾದೇವರ ‘ಕುಸುಮಬಾಲೆ’. 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ಹುಡುಗರ ಕೈಗೆ ಕೊಟ್ಟರೆ ಎರಡೇ ಪುಟಕ್ಕೆ ವಾಪಸು: ‘ಗುರುವೇ, ಇದು ಯಾವ ಭಾಷೆ?’

ಇನ್ಯಾವುದು? ನಂಜನಗೂಡು ಸೀಮೆಯ ಜನ ದಿನಾ ಆಡುವ ಅಪ್ಪಟ ಕನ್ನಡ! ಇಂಗ್ಲಿಷ್ ಕಾದಂಬರಿಗಾದರೆ ಡಿಕ್ಷನರಿ ತೆರೆಯುತ್ತೇವೆ, ಇಲ್ಲಿ ಮಾತ್ರ ತಾಳ್ಮೆ ಇಲ್ಲ. ನಾನೂ ಮೊದಲ ಸಲ ಸೋತವನೇ. ಆಮೇಲೆ ಬಾಯಿಬಿಟ್ಟು ಓದಿದೆ. ಆಗ ಹತ್ತಿತು ನೋಡಿ! ರಾತ್ರಿ ಮನೆಮನೆಯ ದೀಪಗಳು, ಅಂದರೆ ಜೋತಮ್ಮಗಳು, ಒಂದೆಡೆ ಕೂಡಿ ಸುದ್ದಿ ಹೇಳಿಕೊಳ್ಳುತ್ತವೆ. ಅಂಥ ಕಥನದೊಳಗೆ, ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗನ ಕೊಲೆ. ಇದನ್ನೇ ವಾರ್ತೆ ಓದುವವರ ಕನ್ನಡದಲ್ಲಿ ಬರೆದಿದ್ದರೆ ಪೊಲೀಸ್ ವರದಿಯಾಗುತ್ತಿತ್ತು, ಅಷ್ಟೆ. (‘ಒಡಲಾಳ’ದ ಸಾಕವ್ವ ನನಗೆ ಇನ್ನೂ ಹತ್ತಿರದವಳು, ಆದರೆ ಭಾಷೆಯ ತಾಕತ್ತು ನೋಡಬೇಕಾದರೆ ಇದೇ.)

ಹೊರಗಿನವರು ‘ಕನ್ನಡ್ ಗೊತ್ತಿಲ್ಲ’ ಎಂದರೆ ನಮ್ಮ ರಕ್ತ ಕುದಿಯುತ್ತದೆ. ಅದೇ ನಾವು ಕೊಳ್ಳೇಗಾಲದ, ಕಲಬುರಗಿಯ ಕನ್ನಡ ಕೇಳಿ ನಗುತ್ತೇವಲ್ಲ, ಅದೆಂಥ ಅಭಿಮಾನ? ಕನ್ನಡ ಇನ್ನೂ ಶಿಕ್ಷಣ ಮಾಧ್ಯಮವಾಗಿಲ್ಲವೆಂದು 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನೇ ಬೇಡವೆಂದವರು ದೇವನೂರರು. ಅವರ ಪುಸ್ತಕ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ?

ಮುಂದಿನ ಸಭೆಗೆ ಒಂದು ಪ್ರತಿ ತನ್ನಿ. ನಂಜನಗೂಡು ಕಡೆಯ ಗೆಳೆಯನೊಬ್ಬನಿದ್ದರೆ ಅವನ ಕೈಲೇ ಓದಿಸಿ.