ಕಂದು ಕೊಬ್ಬು: ಮೈಯೊಳಗಿನ ಅಗ್ಗಿಷ್ಟಿಕೆ



ನಮ್ಮ ವಾಚಕ ಕುಟುಂಬವೊಂದರ ಸೊಸೆಯೊಬ್ಬರು ಬರೆದ ಪತ್ರವು ಈ ಸಲದ ಬರಹಕ್ಕೆ ಕಾರಣವಾಗಿದೆ. ಅವರ ಮಾವನವರಿಗೆ 62 ವರ್ಷ. 14 ವರ್ಷಗಳಿಂದ ಸಕ್ಕರೆ ಕಾಯಿಲೆ. ನಡುವಿನ ಸುತ್ತ ಬೊಜ್ಜೂ ಸಾಕಷ್ಟಿದೆ. ತಣ್ಣೀರಿನಲ್ಲಿ ಮಿಂದರೆ 'ಕಂದು ಕೊಬ್ಬು' ಎಚ್ಚತ್ತು ರಕ್ತದ ಸಕ್ಕರೆಯನ್ನೆಲ್ಲ ಸುಟ್ಟುಬಿಡುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಆ ಹಿರಿಯರು ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಜಾವ ತಣ್ಣೀರು ಸ್ನಾನ ಹಿಡಿದು, ಗುಳಿಗೆಗಳನ್ನು ಬಿಟ್ಟರಂತೆ. "ಮಾವನವರಿಗೆ ಎದುರಾಡಲು ನಮಗೆ ಬಾಯಿಲ್ಲ, ತಾವು ಬರೆದರೆ ಓದಿಯಾರು" ಎಂದು ಆ ತಾಯಿ ಕೇಳಿಕೊಂಡಿದ್ದಾರೆ.

ಕಂದು ಕೊಬ್ಬೆಂಬುದು ಕಟ್ಟುಕಥೆಯಲ್ಲ. 1551ರಷ್ಟು ಹಿಂದೆಯೇ ಸ್ವಿಟ್ಜರ್‌ಲೆಂಡಿನ ಪಂಡಿತ ಕಾನ್ರಾಡ್ ಗೆಸ್ನರನು ಚಳಿಗಾಲವಿಡೀ ನಿದ್ರಿಸುವ ಮಾರ್ಮಟ್ ಎಂಬ ಪ್ರಾಣಿಯಲ್ಲಿ ಇದನ್ನು ಗುರುತಿಸಿದ್ದನು. ಹಸುಗೂಸಿನ ಹೆಗಲೆಲುಬುಗಳ ನಡುವೆ, ಕೊರಳ ಸುತ್ತ ಇದು ಇರುತ್ತದೆ. ದೊಡ್ಡವರಂತೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಕೂಸಿಗೆ ಬಾರದು. ಬಾಣಂತಿ ಕೋಣೆಯಲ್ಲಿ ನಾವು ಇಡುವ ಅಗ್ಗಿಷ್ಟಿಕೆಯಂತೆ ಸೃಷ್ಟಿಯು ಅದರ ಮೈಯೊಳಗೇ ಒಂದನ್ನು ಇಟ್ಟು ಕಳುಹಿಸಿರುತ್ತದೆ. ಬಿಳಿ ಕೊಬ್ಬು ಹಗೇವಿದ್ದಂತೆ, ಕೂಡಿಡುವುದೇ ಅದರ ಕೆಲಸ. ಕಂದು ಕೊಬ್ಬಿನ ಕಣಗಳಲ್ಲಾದರೋ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿರುವ ಕಬ್ಬಿಣದ ಅಂಶದಿಂದಲೇ ಆ ಬಣ್ಣ. ಅಲ್ಲಿರುವ ಯುಸಿಪಿ-1 ಎಂಬ ಪ್ರೋಟೀನು, ಕೊಬ್ಬು ಸಕ್ಕರೆಗಳನ್ನು ಉರಿಸಿ ಬಂದ ಶಕ್ತಿಯನ್ನು ಕೂಡಿಡಗೊಡದೆ ನೇರವಾಗಿ ಶಾಖವನ್ನಾಗಿಸುತ್ತದೆ.

ದೊಡ್ಡವರಲ್ಲಿ ಇದು ಅಳಿದುಹೋಗುತ್ತದೆಂಬ ಭಾವನೆ ಬಹುಕಾಲವಿತ್ತು. 2009ರಲ್ಲಿ ಅಮೆರಿಕ, ನೆದರ್‌ಲೆಂಡ್ಸ್ ಮತ್ತು ಫಿನ್‌ಲೆಂಡಿನ ಮೂರು ತಂಡಗಳು ಒಂದೇ ಪತ್ರಿಕೆಯಲ್ಲಿ ಆ ಭಾವನೆಯನ್ನು ಅಲ್ಲಗಳೆದವು. ನೆದರ್‌ಲೆಂಡ್ಸಿನವರು 24 ಜನ ಗಂಡಸರನ್ನು 16 ಡಿಗ್ರಿ ತಂಪಿನಲ್ಲಿರಿಸಿ ಪೆಟ್ ಸ್ಕ್ಯಾನ್ ತೆಗೆದಾಗ 23 ಜನರಲ್ಲಿ ಈ ಅಗ್ಗಿಷ್ಟಿಕೆ ಉರಿಯುತ್ತಿದ್ದುದು ಕಂಡಿತು. ಆದರೆ ತೂಕ ಹೆಚ್ಚಿದ್ದವರಲ್ಲಿ ಉರಿ ಮಂದವಾಗಿತ್ತು.

ಮಂದವೇಕೆ? ಇಲ್ಲಿಯೇ ಹಿರಿಯರು ತುಸು ನಿಧಾನಿಸಿ ಓದಬೇಕು. ಚರ್ಮದಡಿಯ ದಪ್ಪ ಕೊಬ್ಬು ಕಂಬಳಿಯಂತೆ ಹೊದ್ದಿರುವುದರಿಂದ ಚಳಿಯ ಸುದ್ದಿ ಒಳಗೆ ಮುಟ್ಟುವುದೇ ಕಡಿಮೆ. ಬೊಜ್ಜು ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದಾಗ ಮತ್ತೊಂದು ಸಂಗತಿ ಹೊರಬಿದ್ದಿತು: ಕಂದು ಕೊಬ್ಬಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ವಿರಳವಾಗಿ, ಪ್ರಾಣವಾಯು ಸಾಲದೆ, ಮೈಟೊಕಾಂಡ್ರಿಯಗಳು ಕುಂದಿ, ಕಣಗಳೊಳಗೆ ಜಿಡ್ಡಿನ ಹನಿಗಳು ಉಬ್ಬುತ್ತವೆ. ಕಂದು ಬಿಳಿಯಾಗುತ್ತದೆ, ಅಗ್ಗಿಷ್ಟಿಕೆಯೇ ಹಗೇವಾಗುತ್ತದೆ! ಇನ್ನು ಸಕ್ಕರೆ ಕಾಯಿಲೆಯವರ ಮಾತು. ಕಂದು ಕೊಬ್ಬು ನರಗಳ ಆಜ್ಞೆಯಿಂದಲೂ ಇನ್ಸುಲಿನ್ನಿನ ಕರೆಯಿಂದಲೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ನಿಗೆ ಮೈ ಓಗೊಡದಿರುವುದೇ ಬೊಜ್ಜಿನೊಡನೆ ಬರುವ ಸಕ್ಕರೆ ಕಾಯಿಲೆಯ ಮೂಲವಾಗಿರಲು, ಎರಡನೆಯ ದಾರಿಯೂ ಇಕ್ಕಟ್ಟಾಗುತ್ತದೆ. ವಯಸ್ಸೂ ತನ್ನ ಪಾಲನ್ನು ಕಸಿಯುತ್ತದೆ. ಅಂದರೆ ಯಾರಿಗೆ ಈ ಉರಿ ಹೆಚ್ಚು ಬೇಕೋ ಅವರಲ್ಲಿಯೇ ಅದು ಕಡಿಮೆ.

ಹಿರಿಯರ ಕಿವಿಗೆ ಬಿದ್ದ ಸುದ್ದಿಗೂ ಬುಡವಿಲ್ಲದಿಲ್ಲ. 2021ರಲ್ಲಿ ಅಮೆರಿಕದಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ತುಲನೆ ಮಾಡಲಾಗಿ, ಕಂದು ಕೊಬ್ಬು ಕಂಡವರಲ್ಲಿ ಸಕ್ಕರೆ ಕಾಯಿಲೆ ಶೇಕಡಾ 4.6, ಕಾಣದವರಲ್ಲಿ 9.5 ಇದ್ದಿತು. ಆದರೆ ಕೊಬ್ಬು ಕಾಯಿಲೆಯನ್ನು ತಡೆಯಿತೋ, ಕಾಯಿಲೆಯೇ ಕೊಬ್ಬನ್ನು ಕುಂದಿಸಿತೋ, ಇಂಥ ತುಲನೆಯಿಂದ ತಿಳಿಯದು. 2015ರಲ್ಲಿ ಸಕ್ಕರೆ ಕಾಯಿಲೆಯ ಎಂಟು ಜನರನ್ನು ಹತ್ತು ದಿನ, ದಿನಕ್ಕೆ ಹಲವು ತಾಸು, 14-15 ಡಿಗ್ರಿ ತಂಪಿನಲ್ಲಿ ಕೂರಿಸಿದಾಗ ಇನ್ಸುಲಿನ್ನಿನ ಪ್ರಭಾವ ಸುಮಾರು ಶೇಕಡಾ 43 ಹೆಚ್ಚಿತು. ಕುತೂಹಲದ ಮಾತೆಂದರೆ, ಆ ಲಾಭದ ಬಹುಪಾಲು ಬಂದದ್ದು ಕಂದು ಕೊಬ್ಬಿನಿಂದಲ್ಲ, ಮಾಂಸಖಂಡಗಳಿಂದ! ಮಾಂಸಖಂಡಗಳನ್ನು ಎಚ್ಚರಿಸಲು ಚಳಿಯೇ ಬೇಕೆಂದಿಲ್ಲ. ಊಟದ ನಂತರ ಅರ್ಧ ತಾಸು ನಡೆದರೂ ಅವು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನಾಲ್ಕು ತಂಬಿಗೆ ತಣ್ಣೀರು ಗುಳಿಗೆಗೆ ಸಮನಾದೀತೆಂದು ಈ ಯಾವ ಪರೀಕ್ಷೆಯೂ ಹೇಳಿಲ್ಲ.

ನಮ್ಮವರ ಬಗೆಗೆ ಒಂದು ಮಾತನ್ನು ಹೇಳಲೇಬೇಕು. 2014ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಲೈಡನ್ನಿನ ಪರೀಕ್ಷೆಯೊಂದರಲ್ಲಿ, ನಮ್ಮ ಉಪಖಂಡದ ಮೂಲದ ತೆಳ್ಳಗಿನ ತರುಣರಲ್ಲಿಯೂ ಕಂದು ಕೊಬ್ಬಿನ ಗಾತ್ರವು ಬಿಳಿಯರಿಗಿಂತ ಶೇಕಡಾ 34ರಷ್ಟು ಕಡಿಮೆ ಕಂಡಿತು. ಪರೀಕ್ಷೆಗೊಳಗಾದವರು ಎರಡೂ ಕಡೆ ಹನ್ನೆರಡೇ ಜನ, ನಿಜ. ಆದರೂ ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ನಡುವಿನ ಸುತ್ತಳತೆಯನ್ನೇ ಅಪಾಯದ ಗೆರೆಯೆಂದು ವೈದ್ಯರು ಹಾಕಿರುವುದು ಸುಮ್ಮನಲ್ಲ. "ನಮ್ಮದು ಹುಟ್ಟಾ ದಪ್ಪ ಮೈ" ಎಂದು ಹೋಳಿಗೆಯ ತಟ್ಟೆಯ ಮುಂದೆ ನಗುವವರು ಟೇಪನ್ನೊಮ್ಮೆ ಸುತ್ತಿ ನೋಡಲಿ.

ಆರಿದ ಉರಿ ಮತ್ತೆ ಹೊತ್ತೀತೆ? ಅತಿ ಬೊಜ್ಜಿನ ಹತ್ತು ಜನರಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಇಬ್ಬರಲ್ಲಷ್ಟೇ ಕಂದು ಕೊಬ್ಬು ಕೆಲಸ ಮಾಡುತ್ತಿತ್ತು. ತೂಕ ಇಳಿದು ವರ್ಷ ಕಳೆದ ಮೇಲೆ ಐವರಲ್ಲಿ ಕಂಡಿತು. ಅಂದಮೇಲೆ ಮೊದಲು ಇಳಿಯಬೇಕಾದದ್ದು ತೂಕ. ಅದಕ್ಕೆ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ; ಅನ್ನ, ರೊಟ್ಟಿಗಳ ಅಳತೆ ಇಳಿಸಿ ಪಲ್ಯ, ಕಾಳುಗಳನ್ನು ಹೆಚ್ಚಿಸುವ ಕೆಲಸ ಅಡಿಗೆಮನೆಯಲ್ಲಿಯೇ ಆದೀತು.

ಮಾವನವರಲ್ಲಿ ನಮ್ಮ ವಿನಂತಿ ಇಷ್ಟು: ಗುಳಿಗೆ ಬಿಟ್ಟ ಸಂಗತಿಯನ್ನು ಇಂದೇ ತಮ್ಮ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿಕೊಂಡು, ಅವರು ಹೇಳಿದಂತೆ ಮತ್ತೆ ಆರಂಭಿಸಬೇಕು. ತಣ್ಣೀರು ಸುರಿದೊಡನೆ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಏರುವುದರಿಂದ, ಈ ವಯಸ್ಸಿನಲ್ಲಿ ಹೃದಯಕ್ಕೆ ಅದು ಹಗುರವಾದ ಹೊರೆಯಲ್ಲ. ಹಾಗೆಂದು ಹಂಡೆಯ ಸುಡುನೀರೂ ಬೇಡ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದಿದ್ದರೆ ಬಿಸಿಯ ಅರಿವೇ ಆಗದೆ ಚರ್ಮ ಬೆಂದೀತು. ನೀರು ತೋಡಿಕೊಳ್ಳುವ ಮುನ್ನ ಸೊಸೆಯೋ ಮೊಮ್ಮಗನೋ ಕೈಯದ್ದಿ ನೋಡಲಿ.