ಹಸ್ತಪ್ರತಿಯಲ್ಲೇ ಉಳಿದ ಮಕ್ಕಳ ಕಥೆಗಳು

ಮಾಲೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ 22 ಮಕ್ಕಳ ಕಥೆಗಳ ಹಸ್ತಪ್ರತಿ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಕಾಯುವ ಹುಡುಗಿ, ಕೋಲಾರದ ಬತ್ತಿದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡುವ ಹುಡುಗರು, ಮನೆಯ ತೆಲುಗು, ಶಾಲೆಯ ಕನ್ನಡ ಎರಡನ್ನೂ ಬೆರೆಸಿ ಅಜ್ಜಿಯನ್ನು ನಗಿಸುವ ಮುಳಬಾಗಿಲಿನ ಪೋರ: ಎಲ್ಲವೂ ಇದೇ ಸೀಮೆಯವು. ಅವರು ಬಂದದ್ದು ನನ್ನ ಅಭಿಪ್ರಾಯ ಕೇಳಲು ಅಲ್ಲ, ಯಾರಾದರೂ ಪ್ರಕಾಶಕರಿಗೆ ನನ್ನಿಂದ ಒಂದು ಮಾತು ಹೇಳಿಸಲು. ಮೂರು ವರ್ಷಗಳಲ್ಲಿ ನಾಲ್ವರಿಗೆ ಬರೆದಿದ್ದಾರೆ. ಇಬ್ಬರು ಉತ್ತರಿಸಲಿಲ್ಲ. ಒಬ್ಬರು ಚಿತ್ರಗಳ ಖರ್ಚನ್ನು ನೀವೇ ಭರಿಸಿ ಎಂದರು. ಇನ್ನೊಬ್ಬರು 300 ಪ್ರತಿಗಳನ್ನು ನೀವೇ ಕೊಳ್ಳುವುದಾದರೆ ನೋಡೋಣ ಎಂದರಂತೆ.

ಪ್ರಕಾಶಕರನ್ನು ದೂರುವುದು ಸುಲಭ. ಆದರೆ ಅವರ ಲೆಕ್ಕವನ್ನೂ ನೋಡಬೇಕು. ದೊಡ್ಡವರ ಕಾದಂಬರಿಗೆ ಚಿತ್ರಕಾರ ಬೇಕಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರವೇ ಅರ್ಧ ಜೀವ. ಚಿತ್ರಕಾರನ ಸಂಭಾವನೆ, ಬಣ್ಣದ ಮುದ್ರಣದ ಸಿದ್ಧತೆ ಇವೆಲ್ಲ ಸ್ಥಿರ ವೆಚ್ಚಗಳು. ಸಾವಿರ ಪ್ರತಿ ಅಚ್ಚಾದರೂ ಹತ್ತು ಸಾವಿರ ಅಚ್ಚಾದರೂ ಅಷ್ಟೇ. ನಮ್ಮಲ್ಲಿ ಸಾವಿರದ ಆಚೆ ಹೋಗುವ ಧೈರ್ಯ ಯಾರಿಗಿದೆ? ಇನ್ನು ಕನ್ನಡ ಪುಸ್ತಕಗಳ ದೊಡ್ಡ ಗಿರಾಕಿ ಸರ್ಕಾರವೇ. ಸಗಟು ಖರೀದಿಯಲ್ಲಿ ಪುಟಗಳ ಎಣಿಕೆಯೇ ಬೆಲೆಗೆ ಆಧಾರವಾಗುವವರೆಗೆ, ಬಣ್ಣಕ್ಕೆ ಅಷ್ಟಿಷ್ಟು ಹೆಚ್ಚು ಕೊಟ್ಟರೂ, 24 ಪುಟದ ಕಥೆಪುಸ್ತಕ 200 ಪುಟದ ಕಾದಂಬರಿಯೆದುರು ಸೋಲಲೇಬೇಕು. (ಕಡತದ ದಪ್ಪ ನೋಡಿ ಅದರ ಮಹತ್ವ ಅಳೆಯುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಹಳೆಯದು.)

ಹಿಂದೆಯೂ ಹಾದಿ ಸುಗಮವಾಗಿರಲಿಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನೇ ಕಟ್ಟಬೇಕಾಯಿತು. ಜಿ.ಪಿ. ರಾಜರತ್ನಂ ಪುಸ್ತಕದ ಗಂಟು ಹೊತ್ತು ತಾವೇ ಮಾರಿದರು. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರು ಸರ್ಕಾರಿ ಸೇವೆಯಿಂದ ಹೊರಬಂದ ಮೇಲೆ, 1944ರಿಂದ ಎರಡು ದಶಕ, 'ಜೀವನ' ಪತ್ರಿಕೆಯನ್ನು ನಡೆಸಿದರು. ಆದರೆ ಪ್ರತಿಯೊಬ್ಬ ಮೇಷ್ಟ್ರೂ ರಾಜರತ್ನಂ ಆಗಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಪಿಂಚಣಿಯ ಹಣದಿಂದ 300 ಪ್ರತಿ ಕೊಂಡು ಅಟ್ಟದ ಮೇಲಿಡುವುದನ್ನು ಪ್ರಕಟಣೆ ಎನ್ನಲಾಗದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳನ್ನು ಉಚಿತವಾಗಿ ಓದಬಹುದು. ಅದು ಒಳ್ಳೆಯ ಕೆಲಸವೇ. ಆದರೆ ಮಗು ಕೈಯಲ್ಲಿ ಹಿಡಿದು, ದಿಂಬಿನಡಿ ಇಟ್ಟುಕೊಂಡು ಮಲಗುವ ಪುಸ್ತಕದ ಸ್ಥಾನವನ್ನು ಅದು ತುಂಬಲಾರದು.

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ತೆರುತ್ತಿದ್ದೇವೆ. 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಕೋಲಾರ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಜಿಲ್ಲಾ ಪಂಚಾಯಿತಿ ವರ್ಷಕ್ಕೆ ನಾಲ್ಕೈದು ಹಸ್ತಪ್ರತಿಗಳನ್ನು ಶಿಕ್ಷಕರ ಸಮಿತಿಯಿಂದ ಆಯ್ಕೆ ಮಾಡಿಸಿ, ಪಂಚಾಯಿತಿಗೆ ಐದರಂತೆ ಪ್ರತಿಗಳನ್ನು ಮುಂಗಡವಾಗಿ ಕಾಯ್ದಿರಿಸಿದರೆ 750 ಪ್ರತಿಗಳಿಗೆ ಮಾರುಕಟ್ಟೆ ಖಚಿತ. ಆಗ ಪ್ರಕಾಶಕರೇ ಲೇಖಕರನ್ನು ಹುಡುಕಿಕೊಂಡು ಬರುತ್ತಾರೆ. ಸಮಿತಿಯಲ್ಲಿ ಶಿಫಾರಸು ನುಸುಳುವುದಿಲ್ಲವೇ ಎಂದು ಕೇಳಬಹುದು. ನುಸುಳೀತು. ಹೆಸರು ಮುಚ್ಚಿದ ಹಸ್ತಪ್ರತಿಗಳನ್ನು ಮಕ್ಕಳ ಮುಂದೆ ಓದಿಸಿ ನೋಡಲಿ. ಆಕಳಿಸುವ ಮಗು ಯಾರ ಮುಲಾಜಿಗೂ ಒಳಗಾಗುವುದಿಲ್ಲ.

ಹಸ್ತಪ್ರತಿ ಈಗ ನನ್ನ ಮೇಜಿನ ಮೇಲಿದೆ. ಮುಳಬಾಗಿಲಿನ ಪೋರನ ಕಥೆಯನ್ನು ಮೊಮ್ಮಗಳು ಎರಡು ಸಲ ಓದಿಸಿಕೊಂಡಳು. ಆಮೇಲೆ ಹಾಳೆಗಳನ್ನು ತಿರುವಿಹಾಕಿ, 'ತಾತಾ, ಚಿತ್ರ ಎಲ್ಲಿ?' ಎಂದಳು.