ಚರ್ಮದ ವೇಷ ಬೇಡ, ಬಾರಿನ ಗುಣ ಬೇಕು

ಮುಡುಕುತೊರೆಯ ದನಗಳ ಜಾತ್ರೆಗೆ ಹೋದವರು ಹೋರಿಗಳ ಹಲ್ಲು, ಸುಳಿ, ಬೆಲೆ ನೋಡುತ್ತಾರೆ. ನಾನು ಕೊರಳು ನೋಡುತ್ತೇನೆ. ಗೆಜ್ಜೆ ಪೋಣಿಸಿದ ತೊಗಲಿನ ಪಟ್ಟಿ ಇದ್ದ ಕಡೆ ಈಗ ಬಣ್ಣಬಣ್ಣದ ನೈಲಾನ್ ಪಟ್ಟಿ. ಮಿಣಿ, ಕಣ್ಣಿ, ಮೂಗುದಾರ ಎಲ್ಲ ಪ್ಲಾಸ್ಟಿಕ್ ಹುರಿಯವು. ತಿ. ನರಸೀಪುರ ತಾಲ್ಲೂಕಿನ ಈ ಜಾತ್ರೆಯಲ್ಲಾಗಲಿ, ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಾಗಲಿ ಇದಕ್ಕಾಗಿ ಯಾರೂ ಚಳವಳಿ ಮಾಡಲಿಲ್ಲ, ಪ್ರಾಣಿದಯೆಯ ಭಾಷಣ ಬಿಗಿಯಲಿಲ್ಲ. ನೈಲಾನ್ ಅಗ್ಗ, ಮಳೆಗೆ ಕೊಳೆಯುವುದಿಲ್ಲ. ಅಷ್ಟಕ್ಕೇ ತೊಗಲು ಸದ್ದಿಲ್ಲದೆ ಹಿಂದೆ ಸರಿಯಿತು.

ಪ್ರಾಣಿಯ ಚರ್ಮವಿಲ್ಲದೆ ಗಡಿಯಾರದ ಪಟ್ಟಿ, ಚೀಲದ ಬಾರು, ಸೊಂಟದ ಬೆಲ್ಟು ಮಾಡುವುದು ಹೇಗೆಂದು ಇಂದು ನಗರಗಳ ಕೈಕಸುಬಿನ ಹುಡುಗ ಹುಡುಗಿಯರು ತಲೆ ಕೆಡಿಸಿಕೊಂಡಿದ್ದಾರೆ. ಅವರ ಹುಡುಕಾಟ ಪ್ರಾಮಾಣಿಕವಾದದ್ದು. ಆದರೆ ಅವರು ಹುಡುಕುತ್ತಿರುವುದು ತೊಗಲಿನ ಹಾಗೆ ಕಾಣುವ, ತೊಗಲಿನ ಹಾಗೆ ಸುಕ್ಕುಬೀಳುವ ಇನ್ನೊಂದು ವಸ್ತುವನ್ನು. ಎಡವಟ್ಟು ಇರುವುದು ಅಲ್ಲಿ.

ನಮ್ಮ ಸೀಮೆಯಲ್ಲಿ ತೊಗಲು ಜಾಗ ಬಿಟ್ಟುಕೊಟ್ಟ ಬಗೆಯನ್ನು ನೋಡಿ. ಒಂದು ಕಾಲಕ್ಕೆ ಎತ್ತು ಹೂಡಿ ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಚೀಲವೇ ಆಗಬೇಕಿತ್ತು. 1903ರ ಸುಮಾರಿಗೆ ಮದ್ರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಕ್ರೋಮ್ ಹದದ ಪ್ರಯೋಗಕ್ಕೆ ಕೈಹಾಕಿದ್ದರ ಹಿಂದೆ ಈ ಚೀಲವೂ ಇತ್ತು. ನೀರಿನಲ್ಲಿ ಬೇಗ ಕೊಳೆಯದ ತೊಗಲು ರೈತನಿಗೆ ಬೇಕಿತ್ತು. ಅದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಆಮೇಲೆ ಪಂಪ್‌ಸೆಟ್ ಬಂತು. ಅದು ತೊಗಲಿನ ಚೀಲವನ್ನು ಅನುಕರಿಸಲಿಲ್ಲ, ನೀರೆತ್ತುವ ಕೆಲಸವನ್ನಷ್ಟೇ ವಹಿಸಿಕೊಂಡಿತು. ಟೈರ್ ಚಪ್ಪಲಿಯೂ ಹಾಗೆಯೇ. ಸವೆದ ಲಾರಿ ಚಕ್ರವನ್ನು ಕುಯ್ದು ಮಾಡಿದ ಆ ಎಕ್ಕಡ ತಾನು ಟೈರು ಎಂಬುದನ್ನು ಎಂದೂ ಮುಚ್ಚಿಡಲಿಲ್ಲ. ಮುಳ್ಳಿಗೆ, ಕೆಸರಿಗೆ, ಕಬ್ಬಿನ ಕೂಳೆಗೆ ಜಗ್ಗಲೂ ಇಲ್ಲ.

ತಮಟೆಯ ವಿಷಯ ಇಷ್ಟು ಸರಳವಲ್ಲ. ಈಚೆಗೆ ಹಬ್ಬ, ಮೆರವಣಿಗೆ, ಸಾವಿನ ಮನೆಯ ಮುಂದೆ ಫೈಬರ್ ಹಾಳೆಯ ತಮಟೆಗಳೇ ಹೆಚ್ಚು. ಬೆಂಕಿಗೆ ಹಿಡಿದು ಕಾಯಿಸಬೇಕಿಲ್ಲ, ಸೋನೆ ಮಳೆಗೆ ಸಡಿಲವಾಗುವುದಿಲ್ಲ. ನಾದ ಮಾತ್ರ ಬೇರೆ. ತೊಗಲಿನ ತಮಟೆ ಎದೆಗೆ ಬಡಿದರೆ ಇದು ಕಿವಿಗೆ ಬಡಿಯುತ್ತದೆ. ಹಾಗೆಂದು ಹಳೆಯ ನಾದಕ್ಕಾಗಿ ಕೊರಗುವ ಮೊದಲು ಇನ್ನೊಂದು ಮಾತು ನೆನೆಯಬೇಕು. ಸತ್ತ ದನ ಎಳೆದು, ಸುಲಿದು, ತೊಗಲು ಹದಮಾಡುವ ಕೆಲಸವನ್ನು ಒಂದು ಜಾತಿಯ ಹೆಗಲಿಗೆ ಕಟ್ಟಿದ್ದ ಊರುಗಳಿವು. ಆ ಕೆಲಸ ಬಿಡಿ ಎಂದು ಅಂಬೇಡ್ಕರ್ ಕರೆ ಕೊಟ್ಟದ್ದು ಪ್ರಾಣಿದಯೆಗಾಗಿ ಅಲ್ಲ, ಮನುಷ್ಯರ ಮರ್ಯಾದೆಗಾಗಿ. ತೊಗಲು ಮುಟ್ಟದ ತಮಟೆ ಕೆಲವರಿಗೆ ಬಿಡುಗಡೆಯಾಗಿಯೂ ಕಂಡಿದ್ದರೆ ಅಚ್ಚರಿಯಿಲ್ಲ.

ಚರ್ಮ ಬೇಡ ಎನ್ನುವುದಕ್ಕೆ ನಮ್ಮಲ್ಲಿ ಇನ್ನೂ ಹಳೆಯ ಕಾರಣವೊಂದಿದೆ: ಮಡಿ. ದೇವಸ್ಥಾನದ ಬಾಗಿಲಲ್ಲಿ ಬೆಲ್ಟು ಬಿಚ್ಚಿಡುವ ಭಕ್ತರು ಹಸುವನ್ನು ನೆನೆದು ಬಿಚ್ಚುವುದಿಲ್ಲ, ಮೈಲಿಗೆಯನ್ನು ನೆನೆದು ಬಿಚ್ಚುತ್ತಾರೆ. ಚರ್ಮ ದೂರ ಇಟ್ಟ ಆ ಮಡಿ ಚಮ್ಮಾರನನ್ನೂ ದೂರ ಇಟ್ಟಿತು, ಅವನು ಹೊಲಿದ ಮೆಟ್ಟನ್ನು ಮಾತ್ರ ಬಿಡಲಿಲ್ಲ. ಗಾಂಧೀಜಿ ಇದಕ್ಕೆ ಬೇರೆ ದಾರಿ ಹಿಡಿದವರು. ದಕ್ಷಿಣ ಆಫ್ರಿಕದಲ್ಲಿ ತಾವೇ ಚಪ್ಪಲಿ ಹೊಲಿಯಲು ಕಲಿತರು. ಆಮೇಲೆ, ಕೊಂದ ದನದ ಚರ್ಮ ಬೇಡ, ತಾನಾಗಿ ಸತ್ತದ್ದರ ಚರ್ಮ ಸಾಕು ಎಂದರು. ಅವರು ಬಂದುಹೋದ ಬದನವಾಳು ನಂಜನಗೂಡು ತಾಲ್ಲೂಕಿನಲ್ಲೇ ಇದೆ. ರಂಗಕರ್ಮಿ ಪ್ರಸನ್ನ 2015ರಲ್ಲಿ ಕೈಉತ್ಪನ್ನಗಳ ಪರವಾಗಿ ಸತ್ಯಾಗ್ರಹ ಕೂತದ್ದೂ ಅಲ್ಲೇ. ದಯೆಯಿಂದ ಚರ್ಮ ಬಿಡುವವರು ತಮ್ಮ ದಯೆಗೆ ಮಡಿಯ ವಾಸನೆ ಅಂಟದ ಹಾಗೆ ನೋಡಿಕೊಳ್ಳಬೇಕಾದ ನೆಲ ಇದು.

ಇನ್ನು ಮಾರುಕಟ್ಟೆಗೆ ಬರೋಣ. 'ವೀಗನ್ ಲೆದರ್' ಎಂದು ಚಂದದ ಚೀಟಿ ಹಚ್ಚಿ ಬರುವುದರಲ್ಲಿ ಬಹುಪಾಲು ನಮ್ಮ ಹಳೆಯ ರೆಕ್ಸಿನ್ನಿನ ಮೊಮ್ಮಕ್ಕಳು: ಬಟ್ಟೆಯ ಮೇಲೆ ಪಿವಿಸಿ ಇಲ್ಲವೇ ಪಾಲಿಯುರೆಥೇನ್ ಲೇಪ. ನಾನೂ ಒಂದು ಬೆಲ್ಟು ಕೊಂಡಿದ್ದೆ. ಎರಡನೆಯ ಮಳೆಗಾಲಕ್ಕೆ ಬಿಸಿಲಿಗೆ ಸುಟ್ಟ ಬೆನ್ನಿನ ಹಾಗೆ ಸಿಪ್ಪೆ ಏಳತೊಡಗಿತು. ಪಾಲಿಯುರೆಥೇನಿಗೆ ತೇವವೇ ಶತ್ರು. ನೀರಿನಂಶ ಅದರ ಕೊಂಡಿಗಳನ್ನು ಮೆಲ್ಲನೆ ಕಳಚುತ್ತದೆ. ಬೆವರುವ ಮಣಿಕಟ್ಟಿಗೆ ಅದನ್ನೇ ಕಟ್ಟಿಕೊಳ್ಳಿ ಎನ್ನುವುದು ಯಾವ ನ್ಯಾಯ?

ಗಿಡಮೂಲದ ಹೊಸ 'ಚರ್ಮ'ಗಳ ಕಥೆ ಇದಕ್ಕಿಂತ ಮೇಲು, ಆದರೆ ಹೇಳಿಕೊಳ್ಳುವಷ್ಟು ಮೇಲಲ್ಲ. ಫಿಲಿಪೀನ್ಸ್‌ನ ಅನಾನಸು ಎಲೆಯ ನಾರಿನಿಂದ ಪಿನ್ಯಾಟೆಕ್ಸ್ ಬಂತು, ಮೆಕ್ಸಿಕೊದ ಪಾಪಾಸುಕಳ್ಳಿಯಿಂದ ಡೆಸ್ಸರ್ಟೊ ಬಂತು. 2021ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಫಿಲ್ಕ್ ಸಂಸ್ಥೆಯವರು ಇಂಥ ಹಲವನ್ನು ತೊಗಲಿನ ಪಕ್ಕದಲ್ಲಿಟ್ಟು ಎಳೆದು, ಹರಿದು, ಮಡಿಸಿ ನೋಡಿದರು. ತೊಗಲಿನ ಎಲ್ಲ ಗುಣಗಳೂ ಒಟ್ಟಿಗೆ ಇದ್ದದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಕಳ್ಳಿಯ ಹೆಸರಿನದರಲ್ಲೂ ಪಾಲಿಯುರೆಥೇನ್ ಸಿಕ್ಕಿತು. ಅಣಬೆಯ ಬೇರಿನಂಥ ಎಳೆಜಾಲದಿಂದ ಮೈಲೊ ಎಂಬ ಹಾಳೆ ಬೆಳೆಸುತ್ತಿದ್ದ ಅಮೆರಿಕದ ಬೋಲ್ಟ್ ಥ್ರೆಡ್ಸ್, ದೊಡ್ಡ ದೊಡ್ಡ ಬ್ರ್ಯಾಂಡುಗಳು ಬೆನ್ನಿಗಿದ್ದರೂ, ಬಂಡವಾಳ ಸಾಲದೆ 2023ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಇಟಲಿಯಂತೂ 2020ರಲ್ಲೇ, ಪ್ರಾಣಿಯದಲ್ಲದ್ದನ್ನು ಚರ್ಮ ಎಂದು ಕರೆದು ಮಾರಬಾರದೆಂದು ಕಾನೂನು ಮಾಡಿತು. ಚರ್ಮೋದ್ಯಮದ ಸ್ವಾರ್ಥ ಅದರಲ್ಲಿರಬಹುದು. ಕೊಳ್ಳುವವನಿಗೂ ಅದರಿಂದ ಲಾಭವೇ.

ನಮ್ಮ ದೇಶದಲ್ಲಿ ನಡೆದ ಪ್ರಯತ್ನಗಳೂ ಸಣ್ಣವಲ್ಲ. ಕಾನ್ಪುರದ ಫೂಲ್ ಕಂಪನಿ ದೇವಸ್ಥಾನದ ಹೂವಿನಿಂದ 'ಫ್ಲೆದರ್' ಮಾಡಿತು. ಕೇರಳದ ಮಲೈ, ಎಳನೀರಲ್ಲದ ಬಲಿತ ಕಾಯಿಯ ನೀರಿಗೆ ಬ್ಯಾಕ್ಟೀರಿಯಾ ಬಿಟ್ಟು ಹಾಳೆ ಕಟ್ಟಿಸುತ್ತದೆ, ಬಾಳೆಯಂಥ ನಾರು ಬೆರೆಸಿ ಗಟ್ಟಿ ಮಾಡುತ್ತದೆ. ತೆಂಗಿನ ಸೀಮೆಯವರು ನಾವು, ನಮಗೂ ಇದು ಆಗಬಹುದಲ್ಲ ಎನ್ನಿಸುತ್ತದೆ. ಆದರೆ ತಿಪಟೂರಿನ ಉಂಡೆ ಕೊಬ್ಬರಿಯ ನೀರು ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಕಾಯೊಳಗೇ ಇಂಗುತ್ತದೆ. ಚೆಲ್ಲಲು ಉಳಿದರೆ ತಾನೆ!

ನಮ್ಮ ಕೈಗೆ ಹತ್ತಿರ ಇರುವುದು ಬಾಳೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಪನಾಮ ಸೊರಗು ರೋಗ ಅದರ ತೋಟಗಳನ್ನು ನುಂಗಿದ್ದರೂ ಏಲಕ್ಕಿ, ಪಚ್ಚಬಾಳೆ, ನೇಂದ್ರ ಈ ಬಯಲಲ್ಲಿ ಬೆಳೆಯುತ್ತಲೇ ಇವೆ. ಒಂದು ಗೊನೆ ಕೊಟ್ಟ ಮೇಲೆ ಆ ದಿಂಡಿಗೆ ಕೆಲಸವಿಲ್ಲ. ಅದರ ನಾರು ನಮಗೆ ಹೊಸದೂ ಅಲ್ಲ, ಹೂವಾಡಗಿತ್ತಿ ಮಲ್ಲಿಗೆ ಕಟ್ಟುವುದು ಅದರಲ್ಲೇ. ಹೂವಿನ ಜೊತೆ ಸ್ವರ್ಗಕ್ಕೆ ಹೋದ ನಾರು ಈಗ ಹೊರದೇಶಕ್ಕೂ ಹೋಗಿದೆ: ಕೋಲ್ಕತ್ತದ ಬನೋಫಿ ಎಂಬ ಸಂಸ್ಥೆ ಬಾಳೆ ತ್ಯಾಜ್ಯದಿಂದ ಚರ್ಮದಂಥ ಹಾಳೆ ಮಾಡಿ 2023ರಲ್ಲಿ ಹತ್ತು ಲಕ್ಷ ಡಾಲರಿನ ಹಲ್ಟ್ ಪ್ರಶಸ್ತಿ ಗೆದ್ದಿತು. ತಿರುವನಂತಪುರದ ನಿಸ್ಟ್ ಪ್ರಯೋಗಾಲಯವೂ ಕೃಷಿ ತ್ಯಾಜ್ಯದಿಂದ ಇಂಥದ್ದನ್ನು ಸಾಧಿಸಿದೆ.

ಇಲ್ಲಿ ಎರಡು ಎಚ್ಚರ ಬೇಕು. ದಿಂಡಿನಲ್ಲಿ ತೊಂಬತ್ತು ಪಾಲು ನೀರು. ನೂರು ಕಿಲೋ ಹೊತ್ತು ತಂದರೆ ಒಂದೆರಡು ಕಿಲೋ ನಾರು. ದೂರದ ಕಾರ್ಖಾನೆಗೆ ಲಾರಿಯಲ್ಲಿ ಸಾಗಿಸಿದರೆ ನೀರಿಗೇ ಬಾಡಿಗೆ ಕೊಟ್ಟಂತೆ. ಎರಡನೆಯದು ಇದಕ್ಕಿಂತ ಗಂಭೀರ. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಗಿಡದ ಭಾಗಗಳಲ್ಲಿ, ಕುಡುಗೋಲಿಗೆ ಮೆತ್ತಿದ ಕೆಸರಿನಲ್ಲಿ ಊರೂರು ಸುತ್ತುತ್ತದೆ. ರೋಗದ ತೋಟದ ದಿಂಡನ್ನು ಒಳ್ಳೆಯ ತೋಟಗಳ ನಡುವೆ ಹಾಯಿಸಿ ತಂದು, ಹಸಿರು ಉದ್ಯಮ ಎಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ನಾರು ತೆಗೆಯುವ ಯಂತ್ರ ತೋಟದ ಬದಿಗೇ ಹೋಗಬೇಕು.

ಬಂದ ನಾರನ್ನು ಏನು ಮಾಡಬೇಕು? ಅಂಟಿನಲ್ಲಿ ಅದ್ದಿ, ಒತ್ತಿ, ಮೇಲೆ ಪ್ಲಾಸ್ಟಿಕ್ ಬಳಿದು ಎಮ್ಮೆ ಚರ್ಮದ ಗೀರು ಮೂಡಿಸುವುದು ಒಂದು ದಾರಿ. ನೇಯುವುದು ಇನ್ನೊಂದು. ತೊಗಲಿನೊಳಗೆ ನಾರು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಎಲ್ಲಿ ತೂತು ಕೊರೆದರೂ ಬಿರಿಯುವುದಿಲ್ಲ. ಬಕಲ್ಲಿನ ಮುಳ್ಳು ಹುಟ್ಟಿದ್ದೇ ಆ ಗುಣವನ್ನು ನಂಬಿ. ನೇಯ್ದ ಪಟ್ಟಿಗೆ ಅದೇ ತೂತು ಕೊರೆದರೆ ಎಳೆ ಬಿಟ್ಟುಕೊಳ್ಳುತ್ತದೆ. ಹಾಗಾದರೆ ತೂತನ್ನೇ ಬಿಡಿ. ಎನ್‌ಸಿಸಿ ಹುಡುಗರ ಬೆಲ್ಟಿಗೆ ತೂತಿಲ್ಲ, ಜಾರಿಸಿ ಕಚ್ಚಿಸುವ ಹಿತ್ತಾಳೆ ಬಕಲ್ಲಿದೆ. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ಸೈನಿಕರ ಕೈಗಡಿಯಾರಕ್ಕೆ ನೈಲಾನ್ ಪಟ್ಟಿಯ ಮಾನದಂಡ ಬರೆಯಿತು. ಚರ್ಮದ ಸೋಗು ಹಾಕದ ಆ ಪಟ್ಟಿಯೇ ಇಂದು ಲೋಕದ ಷೋಕಿ. ಮಂಚಕ್ಕೆ ನವಾರು ನೇಯುವುದು ಗೊತ್ತಿದ್ದ ನಾಡಿನಲ್ಲಿ ಹತ್ತಿ, ಸೆಣಬು, ಬಾಳೆನಾರು ಬೆರೆಸಿದ ಒಂದಿಂಚಿನ ಗಟ್ಟಿ ಪಟ್ಟಿ ಅಸಾಧ್ಯವೇ? ಚೀಲದ ಬಾರಿಗೆ ಅದು ಸಾಕು. ಗಡಿಯಾರಕ್ಕೆ ಒಳಮೈ ನುಣುಪಾಗಬೇಕು, ಅಲ್ಲಿ ಪೋರ್ಚುಗಲ್ಲಿನ ಕಾರ್ಕ್ ಹಾಳೆ ನೆರವಿಗೆ ಬರುತ್ತದೆ. ಮರ ಕಡಿಯದೆ ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಬಿಡಿಸುತ್ತಾರೆ. ಆದರೆ ಅದು ಹೊರದೇಶದ ಸರಕು, ದುಬಾರಿ.

ಅಂದಹಾಗೆ, ಪೂರ್ತಿ ಪ್ರಾಣಿರಹಿತ ಎಂದು ಹಟ ಹಿಡಿದವರಿಗೆ ಚರ್ಮ ಬಿಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಹೊಲಿಗೆಯ ದಾರಕ್ಕೆ ಹಚ್ಚುವುದು ಜೇನುಮೇಣ, ಹಳೆಯ ಅಂಟು ಸರೇಸು ಮೂಳೆ ತೊಗಲಿನದು, ಹೊಳಪು ಕೊಡುವ ಅರಗು ಹುಳುವಿನದು. ರೇಷ್ಮೆದಾರವಂತೂ ಕೇಳಲೇಬೇಡಿ, ಮೈಸೂರು ಸಿಲ್ಕಿಗೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಇರುವುದು ಇದೇ ತಿ. ನರಸೀಪುರದಲ್ಲಿ, ಗೂಡು ಬೇಯದೆ ನೂಲು ಬರುವುದಿಲ್ಲ.

ನನ್ನ ನಿಜವಾದ ತಕರಾರು ವಸ್ತುವಿನ ಬಗ್ಗೆ ಅಲ್ಲ, ಅದನ್ನು ಮಾಡುವ ಕೈಯ ಬಗ್ಗೆ. ನೈಲಾನ್ ಪಟ್ಟಿ ಕಾರ್ಖಾನೆಯಿಂದ ಬಂದಾಗ ತೊಗಲಿನ ಪಟ್ಟಿ ಹೊಲಿಯುತ್ತಿದ್ದವನ ಕೂಲಿ ಹೋಯಿತು. ಪ್ರತಿಯಾಗಿ ಬೇರೆ ಏನೂ ಬರಲಿಲ್ಲ. ಕರ್ನಾಟಕದ ಜಾನುವಾರು ಹತ್ಯೆ ತಡೆಯ 2020ರ ಕಾಯ್ದೆಯಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದ ದನಗಳಿಗೆ ವಯಸ್ಸಿನ ವಿನಾಯಿತಿಯಿಲ್ಲ. ತೊಗಲನ್ನೇ ನಂಬಿದವರ ಬದುಕಿನ ಮಾತು ಆ ಚರ್ಚೆಯಲ್ಲಿ ಹಿಂದೆ ಉಳಿಯಿತು. 1976ರಲ್ಲಿ ಹುಟ್ಟಿದ, ಇಂದು ಬಾಬು ಜಗಜೀವನ್ ರಾಮ್ ಅವರ ಹೆಸರು ಹೊತ್ತ ಲಿಡ್ಕರ್, ಅಂದರೆ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ನಟ ಧನಂಜಯ ಅವರನ್ನು ರಾಯಭಾರಿ ಮಾಡಿಕೊಂಡು ತೊಗಲಿನ ಸಾಮಾನು ಮಾರುತ್ತಿದೆ. ಅಥಣಿ ಸೀಮೆಯ ಚಪ್ಪಲಿಗೆ 2019ರಲ್ಲಿ ಕೊಲ್ಹಾಪುರಿ ಹೆಸರಿನಡಿ ಸಿಕ್ಕ ಭೌಗೋಳಿಕ ಗುರುತಿನಲ್ಲೂ ನಿಗಮಕ್ಕೆ ಪಾಲಿದೆ. ಅಥಣಿಗೆ ತೊಗಲೇ ಜೀವ, ಅದು ಹಾಗೇ ಇರಲಿ. ಆದರೆ ಹದಗಾರಿಕೆಯ ಹಳೆಯ ಕೇಂದ್ರವಲ್ಲದ ನಮ್ಮಂಥ ತಾಲ್ಲೂಕುಗಳಲ್ಲಿ ಅದೇ ನಿಗಮ ನಾರಿನ ಪಟ್ಟಿಗೂ ತರಬೇತಿ, ಸಾಲ, ಮಳಿಗೆ ಕೊಟ್ಟರೆ ಹೆಸರಿನಲ್ಲಿರುವ 'ಚರ್ಮ' ಮುನಿಸಿಕೊಳ್ಳುವುದಿಲ್ಲ.

ತರಬೇತಿ ಎಂದೆ, ಯಾರು ಯಾರಿಗೆ ಕೊಡಬೇಕೋ ಅನುಮಾನ. ಬಸ್ ನಿಲ್ದಾಣದ ಬದಿಯಲ್ಲಿ ಛತ್ರಿ ಬಿಡಿಸಿ ಕೂತವರ ಮುಂದೆ ಅರ್ಧ ಗಂಟೆ ನಿಂತು ನೋಡಿ. ಅವರ ಉಳಿ, ರಂಪಿಗೆಗಳ ಅಡಿಗೆ ಬರುವುದು ಶಾಲೆಯ ಬ್ಯಾಗಿನ ನೈಲಾನ್ ಬಾರು, ಕಿತ್ತ ರೆಕ್ಸಿನ್ ಕೈಚೀಲ, ಉಂಗುಟ ಬಿಟ್ಟ ಹವಾಯಿ ಚಪ್ಪಲಿ, ಸಿಪ್ಪೆ ಎದ್ದ ಬೆಲ್ಟು. ತೊಗಲು ಬರುವುದು ಅಪರೂಪ. ಯಾವ ಪಟ್ಟಿ ಯಾವ ಮೂಲೆಯಲ್ಲಿ ಮೊದಲು ಹರಿಯುತ್ತದೆ, ಯಾವ ಅಂಟು ಬಿಸಿಲಿಗೆ ಬಿಡುತ್ತದೆ, ಎಲ್ಲಿ ಎರಡು ಸುತ್ತು ಹೊಲಿಗೆ ಹಾಕಿದರೆ ಇನ್ನೊಂದು ವರ್ಷ ಬಾಳುತ್ತದೆ ಎಂಬ ಲೆಕ್ಕ ಅವರ ಬೆರಳಲ್ಲಿದೆ. ಫ್ರೈಬರ್ಗ್‌ನವರು ಯಂತ್ರ ಇಟ್ಟು ಎಳೆದು ನೋಡಿದ್ದನ್ನು ಇವರು ದಿನವೂ ಹತ್ತು ರೂಪಾಯಿಗೆ ನೋಡುತ್ತಿದ್ದಾರೆ.